ನಕ್ಷೆಯ ಹಸಿರು, ನೆಲದ ಹಸಿರು: ಬೆಂಗಳೂರಿನ ಸುತ್ತಣ ಬೇಸಾಯ ಭೂಮಿಯ ಇತಿಹಾಸ

(ಲೇಖಕರು: ಹಳೆಯ ವಿದ್ಯಾರ್ಥಿ, 2005ರ ಎಸ್.ಎಸ್.ಎಲ್.ಸಿ. ತಂಡ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್)

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಮುಖ್ಯೋಪಾಧ್ಯಾಯರು ಕೇಳಿದಾಗ, ನಾನು ಕಂಪ್ಯೂಟರ್ ವಿಷಯ ಬರೆಯುತ್ತೇನೆಂದು ಅವರು ಎಣಿಸಿದ್ದಿರಬೇಕು. ಅದನ್ನು ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಈ ಶಾಲೆಯಲ್ಲಿ ಓದಿ ಹೊರಗೆ ಹೋದವರು, ಇಲ್ಲೇ ಉಳಿದು ಬೇಸಾಯ ಮಾಡುತ್ತಿರುವವರು ಒಟ್ಟಿಗೆ ಕುಳಿತರೆ ಮಾತು ಸುತ್ತಿ ಸುತ್ತಿ ಬರುವುದು ಒಂದೇ ಕಡೆಗೆ. ಬೆಂಗಳೂರು ನಮ್ಮೂರಿಗೆ ಯಾವಾಗ ಬರುತ್ತದೆ? ಬಂದರೆ ನಮ್ಮ ಹೊಲ ಏನಾಗುತ್ತದೆ? ನಮ್ಮ ಬ್ಯಾಚಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಬ್ಬದ ಶುಭಾಶಯಕ್ಕಿಂತ ಹೆಚ್ಚಾಗಿ ಎಕರೆಯ ಬೆಲೆ, ಹಳದಿ ಝೋನ್, ಹಸಿರು ಝೋನ್ ಎಂಬ ಮಾತುಗಳೇ ಓಡಾಡುತ್ತವೆ.

ಈ ಪ್ರಶ್ನೆ ನಮಗೆ ಮಾತ್ರ ಬಂದದ್ದಲ್ಲ. ನಮಗಿಂತ ಮೊದಲು ನೂರಾರು ಹಳ್ಳಿಗಳಿಗೆ ಬಂದಿತ್ತು. ಅಲ್ಲಿ ಏನಾಯಿತು, ಬೇಸಾಯದ ಭೂಮಿಯನ್ನು ಉಳಿಸಲು ಯಾರು ಏನು ಮಾಡಿದರು, ಯಾವುದು ಉಳಿಯಿತು, ಯಾವುದು ಉಳಿಯಲಿಲ್ಲ ಎಂಬುದನ್ನು ತಿಳಿದುಕೊಂಡರೆ ನಮ್ಮ ತೀರ್ಮಾನಕ್ಕೆ ಸಹಾಯವಾದೀತು. ನಾನು ಇತಿಹಾಸಕಾರನಲ್ಲ. ಇಸವಿಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಯಾಕೆ ಹಾಗಾಯಿತು ಎಂದು ಕೇಳುವುದನ್ನು ಕಲಿಸಿದ ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರ ಶಿಷ್ಯನಾಗಿ ಬರೆಯುತ್ತಿದ್ದೇನೆ.

ಕೆರೆಯ ಕೆಳಗಿನ ಬೆಂಗಳೂರು

ಬೆಂಗಳೂರಿಗೆ ದೊಡ್ಡ ನದಿ ಇಲ್ಲ. ಅದು ಎತ್ತರದ ದಿಣ್ಣೆಯ ಮೇಲಿರುವ ಊರು. ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳಲ್ಲಿ ಇಳಿದು ಹೋಗುತ್ತದೆ. 1537ರಲ್ಲಿ ಕೆಂಪೇಗೌಡರು ಪೇಟೆ ಕಟ್ಟಿಸಿದಾಗ ಕೆರೆಗಳೂ ಜೊತೆಯಲ್ಲೇ ಬಂದವು. ಒಂದು ಕೆರೆಯ ಕೋಡಿ ಹರಿದು ಇನ್ನೊಂದಕ್ಕೆ ಸೇರುವ ಸರಪಳಿ, ಪ್ರತಿ ಕೆರೆಯ ತೂಬಿನ ಕೆಳಗೆ ಅಚ್ಚುಕಟ್ಟು, ಅಚ್ಚುಕಟ್ಟಿನಲ್ಲಿ ಭತ್ತ ಮತ್ತು ತರಕಾರಿ, ದಿಣ್ಣೆಯ ಮೇಲೆ ರಾಗಿ, ಅವರೆ, ಹುರುಳಿ. ಇದೇ ಬೆಂಗಳೂರು ಸೀಮೆಯ ಹಳೆಯ ನಕ್ಷೆ. ಅಕ್ಕಿಪೇಟೆ, ಅರಳೆಪೇಟೆ ಎಂಬ ಹೆಸರುಗಳು ಸುತ್ತಮುತ್ತಲ ಹೊಲಗದ್ದೆಗಳಿಂದ ಬಂಡಿಯಲ್ಲಿ ಬಂದ ಸರಕನ್ನು ಇಂದಿಗೂ ನೆನಪಿಸುತ್ತವೆ.

ಪೇಟೆಗೆ ಅಂಟಿಕೊಂಡಂತೆಯೇ ತೋಟಗಳಿದ್ದವು. ತಿಗಳ ಸಮುದಾಯದ ಹಿರಿಯರು ಕೆರೆ ನೀರು, ಬಾವಿ ನೀರಿನಲ್ಲಿ ಸೊಪ್ಪು, ತರಕಾರಿ, ಹೂವು ಬೆಳೆದು ಪೇಟೆಗೆ ಕೊಡುತ್ತಿದ್ದರು. ಹೈದರ್ ಅಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗಿನ ಸುತ್ತಲೂ ಈ ತೋಟಗಾರಿಕೆಯ ಕೈಚಳಕವೇ ಬೆಳೆಯಿತು. ಸಿದ್ದಾಪುರದ ನರ್ಸರಿಗಳು ಅದರ ಉಳಿಕೆ. ಸಂಪಂಗಿ ಕೆರೆ ಈಗ ಕಂಠೀರವ ಕ್ರೀಡಾಂಗಣ. ಧರ್ಮಾಂಬುಧಿ ಕೆರೆ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆಯ ಒಂದು ಸಣ್ಣ ಕೊಳ ಮಾತ್ರ ಉಳಿದಿದೆ, ಬೆಂಗಳೂರು ಕರಗದ ಪೂಜಾವಿಧಿ ಅಲ್ಲಿ ಇಂದಿಗೂ ನಡೆಯುತ್ತದೆ. ಕರಗ ನೋಡಲು ಹೋಗುವವರು ಈ ಒಂದು ಮಾತು ನೆನೆಯಬೇಕು: ಅದು ತೋಟಗಾರರ ಹಬ್ಬ, ಆ ತೋಟಗಳ ಮೇಲೆಯೇ ಇಂದಿನ ನಗರ ನಿಂತಿದೆ.

ನಗರ ಬೆಳೆದರೂ ಬೇಸಾಯ ಬೇಕು ಎಂಬ ತಿಳಿವಳಿಕೆ ಆಗಿನ ಆಡಳಿತಕ್ಕೆ ಇತ್ತು. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಜಮೀನು ಕೊಟ್ಟು ಬೇಸಾಯದ ಪ್ರಯೋಗ ಕ್ಷೇತ್ರಕ್ಕೆ ಅಡಿಪಾಯ ಹಾಕಿದರು. 1959ರಲ್ಲಿ ತೋಟಗಾರಿಕೆಯ ಡಾ. ಎಂ.ಎಚ್. ಮರೀಗೌಡರ ಮುಂದಾಳತ್ವದಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿತು. ಅದೇ ಮುಂದೆ ನಮಗೆಲ್ಲ ಗೊತ್ತಿರುವ ಹಾಪ್‌ಕಾಮ್ಸ್ ಆಯಿತು. ನಗರದ ಬೀದಿಯಲ್ಲಿ ರೈತನ ಹಣ್ಣು, ತರಕಾರಿಗೆ ಒಂದು ಅಂಗಡಿ ಇರಬೇಕು ಎಂಬುದೇ ಅದರ ಮೂಲ. 1975ರಲ್ಲಿ ನಗರದ ಕಸವನ್ನು ಗೊಬ್ಬರ ಮಾಡಿ ಹೊಲಕ್ಕೆ ಕೊಡಲೆಂದು ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಶುರುವಾಯಿತು. ಹೊಲದಿಂದ ನಗರಕ್ಕೆ ಅನ್ನ, ನಗರದಿಂದ ಹೊಲಕ್ಕೆ ಗೊಬ್ಬರ ಎಂಬ ಕೊಡುಕೊಳ್ಳುವಿಕೆ ಅದರ ಉದ್ದೇಶವಾಗಿತ್ತು.

ನಕ್ಷೆಗೆ ಹಸಿರು ಬಳಿದ ಕಾಲ

ನಗರ ಹಿಗ್ಗಿದ ವೇಗ ನೋಡಿ. 1971ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 16.5 ಲಕ್ಷ. 1981ರಲ್ಲಿ 29 ಲಕ್ಷ ದಾಟಿತು. ಅದಕ್ಕೂ ಮೊದಲೇ ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಮುಂತಾದ ಸಾರ್ವಜನಿಕ ಕಾರ್ಖಾನೆಗಳು ನಗರದ ಅಂಚಿನ ಹಳ್ಳಿಗಳ ಜಮೀನಿನ ಮೇಲೆ ಎದ್ದಿದ್ದವು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ರಚನೆಯಾಯಿತು. 1984ರ ಸಮಗ್ರ ಅಭಿವೃದ್ಧಿ ಯೋಜನೆಯಲ್ಲಿ ನಗರದ ಸುತ್ತ ಒಂದು ಹಸಿರು ಪಟ್ಟಿ ಗುರುತಿಸಲಾಯಿತು. ಸುಮಾರು 1,279 ಚದರ ಕಿ.ಮೀ. ಯೋಜನಾ ಪ್ರದೇಶದಲ್ಲಿ ಸುಮಾರು 839 ಚದರ ಕಿ.ಮೀ. ಹಸಿರು, ಅಂದರೆ ಮೂರರಲ್ಲಿ ಎರಡು ಪಾಲು ಹೊಲ, ತೋಟ, ಕೆರೆಗಳಾಗಿಯೇ ಉಳಿಯಬೇಕು ಎಂಬ ತೀರ್ಮಾನ.

ಇದರ ಮಾದರಿ ಲಂಡನ್ನಿನದು. ಅಲ್ಲಿ 1938ರಲ್ಲೇ ಹಸಿರು ಪಟ್ಟಿಗಾಗಿ ಕಾನೂನು ಆಗಿತ್ತು, ಮತ್ತು ಆ ಕಾನೂನಿನಡಿ ಸ್ಥಳೀಯ ಸಂಸ್ಥೆಗಳು ಹಣ ಕೊಟ್ಟು ಜಮೀನು ಕೊಂಡು ಕಾಪಾಡಿದ್ದೂ ಉಂಟು. ನಮ್ಮಲ್ಲಿ ಬಂದದ್ದು ನಕ್ಷೆಯ ಬಣ್ಣ ಮಾತ್ರ. ಹಸಿರು ಪಟ್ಟಿಯೊಳಗಿನ ರೈತನಿಗೆ, 'ನೀನು ಮನೆ ಕಟ್ಟಿ ಮಾರುವಂತಿಲ್ಲ' ಎಂದು ಹೇಳಲಾಯಿತು. ಬೇಸಾಯ ಮಾಡಿಯೇ ಬದುಕುವಂತೆ ಅವನಿಗೆ ಏನು ಕೊಡುತ್ತೇವೆ ಎಂಬುದು ಆ ನಕ್ಷೆಯಲ್ಲಿ ಇರಲಿಲ್ಲ.

ಮುಂದಿನದು ನಮ್ಮ ಕಣ್ಣೆದುರಿಗೇ ನಡೆದ ಕಥೆ. 1995ರಲ್ಲಿ ಯೋಜನೆಯ ಪರಿಷ್ಕರಣೆಯಾದಾಗ ಹಸಿರು ಕಡಿಮೆಯಾಯಿತು. 2007ರಲ್ಲಿ ಒಪ್ಪಿಗೆ ಪಡೆದ, 2015ರವರೆಗಿನ ಪರಿಷ್ಕೃತ ಮಹಾ ಯೋಜನೆಯಲ್ಲಿ ಅದು 1984ರ ವಿಸ್ತೀರ್ಣದ ಅರ್ಧದ ಹತ್ತಿರಕ್ಕೆ ಇಳಿದಿತ್ತು. ಅದೇ 2007ರಲ್ಲಿ 7 ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚಿಸಲಾಯಿತು. 2031ರವರೆಗಿನ ಕರಡು ಯೋಜನೆ 2017ರಲ್ಲಿ ಪ್ರಕಟವಾಗಿ, 2020ರಲ್ಲಿ ಸರ್ಕಾರದಿಂದಲೇ ವಾಪಸಾಯಿತು. ಪ್ರತಿ ಸಲವೂ ನಗರ ಮೊದಲು ಬೆಳೆಯಿತು, ನಕ್ಷೆ ಅದರ ಹಿಂದೆ ಓಡಿತು.

ಹಸಿರು ಯಾಕೆ ನಿಲ್ಲಲಿಲ್ಲ?

ರೈತರು ದುಡ್ಡಿನ ಆಸೆಗೆ ಮಾರಿಕೊಂಡರು ಎಂದು ನಗರದಲ್ಲಿ ಕುಳಿತವರು ಸುಲಭವಾಗಿ ಹೇಳುತ್ತಾರೆ. ನಾನು ವಾಸವಿರುವ ಅಪಾರ್ಟ್‌ಮೆಂಟೂ ಒಂದು ಕಾಲದ ಕೆರೆ ಅಚ್ಚುಕಟ್ಟಿನ ಮೇಲೆಯೇ ಇದೆ, ಆದ್ದರಿಂದ ಆ ಮಾತನ್ನು ನಾನು ಹೇಳಲಾರೆ. ನನಗೆ ಕಾಣುವ ಕಾರಣಗಳು ನಾಲ್ಕು.

ಮೊದಲನೆಯದು ನೀರು. ಬೆಳ್ಳಂದೂರು, ವರ್ತೂರು ಕೆರೆಗಳ ಕೆಳಗೆ ಭತ್ತ, ತರಕಾರಿ ಬೆಳೆಯುತ್ತಿದ್ದ ಗದ್ದೆಗಳಿದ್ದವು. ನಗರದ ಕೊಳಚೆ ಆ ಕೆರೆಗಳಿಗೆ ಹರಿದ ಮೇಲೆ ತೂಬಿನ ನೀರು ಉಪಯೋಗಕ್ಕೆ ಬಾರದಾಯಿತು. ಕೆರೆ ಸತ್ತ ದಿನವೇ ಅಚ್ಚುಕಟ್ಟು ಸೈಟಾಗಲು ಸಿದ್ಧವಾಯಿತು. ಎರಡನೆಯದು ರೆವಿನ್ಯೂ ಸೈಟು. ಭೂ ಕಂದಾಯ ಕಾಯ್ದೆಯ 95ನೇ ಕಲಮಿನಂತೆ ಜಿಲ್ಲಾಧಿಕಾರಿಗಳಿಂದ ಭೂ ಪರಿವರ್ತನೆಯ ಅನುಮತಿ ಬೇಕು. ಅದಿಲ್ಲದೆಯೇ ಹೊಲವನ್ನು ಮೂವತ್ತು ನಲವತ್ತರ ಸೈಟು ಮಾಡಿ ಕಲ್ಲು ನೆಟ್ಟು ಮಾರಲಾಯಿತು. ಕೊಂಡವರು ಬಡವರು, ಮಧ್ಯಮ ವರ್ಗದವರು. ಮನೆ ಕಟ್ಟಿದ ಮೇಲೆ ಅವರನ್ನು ಎಬ್ಬಿಸುವವರು ಯಾರು? ಮುಂದಿನ ಯೋಜನೆಯಲ್ಲಿ ಅದು ಹಳದಿಯಾಗುತ್ತಿತ್ತು.

ಮೂರನೆಯದು ಸ್ವತಃ ಸರ್ಕಾರದ ಭೂಸ್ವಾಧೀನ. ರೈತ ತಾನಾಗಿ ಸೈಟು ಮಾಡಿದರೆ ಅಕ್ರಮ, ಅದೇ ಹೊಲವನ್ನು ಬಡಾವಣೆಗೋ ಕೈಗಾರಿಕೆಗೋ ಸರ್ಕಾರ ತೆಗೆದುಕೊಂಡರೆ ಅಭಿವೃದ್ಧಿ. ಇದನ್ನು ನೋಡಿದ ರೈತ, ಸ್ವಾಧೀನಕ್ಕೆ ಮುಂಚೆ ಮಾರಿಬಿಡುವುದೇ ಲೇಸು ಎಂದು ತೀರ್ಮಾನಿಸಿದರೆ ಆಶ್ಚರ್ಯವೇನು? ನಾಲ್ಕನೆಯದು ಬೇಸಾಯದ ಲೆಕ್ಕ. ಎರಡು ಎಕರೆ ರಾಗಿಯ ವರಮಾನಕ್ಕೂ ಅದೇ ಎರಡು ಎಕರೆಯ ಬೆಲೆಗೂ ತಾಳಮೇಳವೇ ಇಲ್ಲದ ಮೇಲೆ, ಮಗಳ ಮದುವೆ, ಆಸ್ಪತ್ರೆ, ಅಣ್ಣತಮ್ಮಂದಿರ ಪಾಲು ಎಂದು ಒಂದಲ್ಲ ಒಂದು ದಿನ ಪತ್ರವಾಗುತ್ತದೆ.

ಕಾನೂನೂ ಕಾಲಕ್ಕೆ ತಕ್ಕಂತೆ ತಿರುಗಿತು. 1974ರ ಭೂ ಸುಧಾರಣೆಯಲ್ಲಿ ದೇವರಾಜ ಅರಸು ಅವರ ಸರ್ಕಾರ ಗೇಣಿದಾರನಿಗೆ ಒಡೆತನ ಕೊಟ್ಟಿತು. ನಮ್ಮ ಶಾಲೆಗೆ ಮೊದಲು ಬಂದ ಮಕ್ಕಳಲ್ಲಿ ಹಲವರ ಮನೆಗೆ ಹೊಲ ಬಂದದ್ದೇ ಹಾಗೆ. ಬೇಸಾಯಗಾರರಲ್ಲದವರು, ಹೆಚ್ಚು ವರಮಾನದವರು ಕೃಷಿ ಜಮೀನು ಕೊಳ್ಳದಂತೆ ತಡೆದಿದ್ದ 79ಎ, 79ಬಿ ಕಲಮುಗಳನ್ನು 2020ರ ತಿದ್ದುಪಡಿ ತೆಗೆದುಹಾಕಿತು. ಈಗ ಯಾರು ಬೇಕಾದರೂ ಕೊಳ್ಳಬಹುದು. ಮಾರುವವನಿಗೆ ಗಿರಾಕಿ ಹೆಚ್ಚಾದ, ಉಳುಮೆಗೆಂದು ಕೊಳ್ಳುವ ರೈತನಿಗೆ ಜಮೀನು ಕೈಗೆಟುಕದಾಯಿತು.

ಉಳಿದದ್ದು ಎಲ್ಲಿ?

ಇಷ್ಟಾದರೂ ನಗರದ ಒಳಗೇ ಉಳಿದ ಬೇಸಾಯದ ಭೂಮಿ ಇದೆ. ಹೆಬ್ಬಾಳ ಮತ್ತು ಯಲಹಂಕದ ನಡುವೆ ಇರುವ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಅಂದರೆ ನಮ್ಮೂರವರು ವರ್ಷವರ್ಷವೂ ಕೃಷಿ ಮೇಳಕ್ಕೆ ಹೋಗುವ ಜಿ.ಕೆ.ವಿ.ಕೆ., ಸುಮಾರು 1,300 ಎಕರೆಯ ಆವರಣ. 1964ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾನಿಲಯದ ಆಸ್ತಿ ಅದು. ಸುತ್ತಲೂ ಕಟ್ಟಡಗಳೆದ್ದರೂ ಅಲ್ಲಿ ಇಂದಿಗೂ ರಾಗಿ ಪೈರು ನಿಂತಿರುತ್ತದೆ. ನಮ್ಮ ಹೊಲಗಳಲ್ಲಿ ಬಿತ್ತುವ, ಬೆಂಕಿ ರೋಗ ತಡೆಯುವ ಜಿ.ಪಿ.ಯು.-28 ರಾಗಿ ತಳಿ ಅಲ್ಲಿನ ಸಂಶೋಧಕರ ಕೊಡುಗೆ. ಆ ನೆಲ ಉಳಿದದ್ದಕ್ಕೆ ಕಾರಣ ಸರಳ. ಅದಕ್ಕೆ ಒಬ್ಬನೇ ಒಡೆಯ, ಒಂದೇ ಕೆಲಸ, ಮತ್ತು ಅಲ್ಲಿ ದುಡಿಯುವವರಿಗೆ ತಿಂಗಳ ಸಂಬಳ ಇದೆ. ರೈತನ ಹೊಲಕ್ಕೆ ಈ ಮೂರರಲ್ಲಿ ಒಂದೂ ಇಲ್ಲ.

ರೈತರ ಹೊಲದಲ್ಲಿ ಉಳಿದದ್ದು ಹೆಸರು ಮಾಡಿದ ಬೆಳೆಗಳು. ಬೆಂಗಳೂರು ಬ್ಲೂ ದ್ರಾಕ್ಷಿ, ಹೊರದೇಶಕ್ಕೆ ಹೋಗುವ ಬೆಂಗಳೂರು ಗುಲಾಬಿ ಈರುಳ್ಳಿ, ದೇವನಹಳ್ಳಿ ಚಕ್ಕೋತ, ಈ ಮೂರಕ್ಕೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಈ ಮಣ್ಣು, ಈ ಹವೆಗೆ ಮಾತ್ರ ಈ ರುಚಿ ಬರುತ್ತದೆ ಎಂಬುದಕ್ಕೆ ಅದು ಸರ್ಕಾರದ ಮುದ್ರೆ. ಆದರೆ ಮಾನ್ಯತೆ ಬೆಳೆಗೆ ಸಿಕ್ಕಿತೇ ಹೊರತು ಬೆಳೆಯುವ ನೆಲಕ್ಕೆ ಸಿಗಲಿಲ್ಲ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿ ಸುತ್ತ ಚಕ್ಕೋತದ ಮರಗಳು ಹೇಗೆ ವಿರಳವಾದವು ಎಂಬುದನ್ನು ಆ ಕಡೆಯವರಿಗೆ ಹೇಳಬೇಕಾಗಿಲ್ಲ.

ಟೋಕಿಯೊ ರೈತನ ಮೂವತ್ತು ವರ್ಷದ ಮಾತು

ಬೇರೆ ಮಹಾನಗರಗಳು ಏನು ಮಾಡಿವೆ ಎಂಬ ಪ್ರಶ್ನೆ ಸಹಜ. ಕೆಲಸದ ಮೇಲೆ ಎರಡು ವರ್ಷ ಟೋಕಿಯೊದಲ್ಲಿ ಇದ್ದಾಗ ನಾನು ಬಾಡಿಗೆಗಿದ್ದದ್ದು ನೆರಿಮಾ ಎಂಬ ವಾರ್ಡಿನಲ್ಲಿ. 7 ಲಕ್ಷಕ್ಕೂ ಹೆಚ್ಚು ಜನರಿರುವ ಆ ವಾರ್ಡಿನಲ್ಲಿ ಮನೆಗಳ ನಡುವೆ ಎಲೆಕೋಸು, ಮೂಲಂಗಿಯ ಹೊಲಗಳಿವೆ. ಹೊಲದ ಬದಿಯಲ್ಲೇ ಕಟ್ಟೆಯ ಮೇಲೆ ತರಕಾರಿ ಇಟ್ಟಿರುತ್ತಾರೆ. ಡಬ್ಬಿಗೆ ನಾಣ್ಯ ಹಾಕಿ ತೆಗೆದುಕೊಂಡು ಹೋಗುವುದು. ಟೋಕಿಯೊ ಹಿಂದೆ ಎದೊ ಎಂಬ ಹೆಸರಿನಲ್ಲಿದ್ದಾಗಲೂ ನಗರದ ಮಲವನ್ನು ರೈತರು ಕೊಂಡೊಯ್ದು ಗೊಬ್ಬರ ಮಾಡಿ ತರಕಾರಿ ಬೆಳೆದು ಕೊಡುತ್ತಿದ್ದರು.

ಅಲ್ಲಿಯೂ 1968ರ ನಗರ ಯೋಜನಾ ಕಾನೂನು ನಗರದೊಳಗಿನ ಹೊಲಗಳು ಸುಮಾರು ಹತ್ತು ವರ್ಷದಲ್ಲಿ ಮನೆಗಳಾಗಬೇಕು ಎಂದೇ ಎಣಿಸಿತ್ತು. 1974ರಲ್ಲಿ ಉತ್ಪಾದಕ ಹಸಿರು ಭೂಮಿ ಕಾನೂನು ಬಂತು. 1991ರ ತಿದ್ದುಪಡಿ ಅದಕ್ಕೆ ಬಲ ಕೊಟ್ಟಿತು. ರೈತನ ಮುಂದೆ ಎರಡು ದಾರಿ ಇಟ್ಟರು. ಮೂವತ್ತು ವರ್ಷ ಬೇಸಾಯ ಮಾಡುತ್ತೇನೆ ಎಂದು ಒಪ್ಪಿದರೆ ಭೂ ತೆರಿಗೆ ಹೊಲದ ದರದಲ್ಲೇ, ವಾರಸುದಾರರ ಮೇಲಿನ ತೆರಿಗೆಯೂ ಮುಂದೂಡಿಕೆ. ಒಪ್ಪದಿದ್ದರೆ ಮನೆಯ ನಿವೇಶನದಂತೆ ತೆರಿಗೆ, ಬೇಕಾದಾಗ ಮಾರಬಹುದು. ರೈತ ತೀರಿಕೊಂಡರೆ ಅಥವಾ ಕಾಯಿಲೆ ಬಿದ್ದರೆ ಜಮೀನನ್ನು ಸ್ಥಳೀಯ ಸಂಸ್ಥೆಯೇ ಕೊಳ್ಳಲಿ ಎಂದು ಕೇಳಬಹುದು.

ಆ ಮೂವತ್ತು ವರ್ಷ 2022ಕ್ಕೆ ಮುಗಿಯುವುದಿತ್ತು. ಒಮ್ಮೆಗೇ ಎಲ್ಲ ಹೊಲವೂ ಮಾರುಕಟ್ಟೆಗೆ ಬಂದುಬಿಡುತ್ತದೆಂಬ ಆತಂಕ ಇತ್ತು. 2017ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸುವ ಅವಕಾಶ ಕೊಟ್ಟು, 2018ರಲ್ಲಿ ಹೊಲವನ್ನು ಬೇರೆ ಬೇಸಾಯಗಾರರಿಗೆ ಗುತ್ತಿಗೆ ಕೊಡಲು ಅನುವು ಮಾಡಿದರು. ಬಹುಪಾಲು ರೈತರು ಮುಂದುವರಿಸಲು ಒಪ್ಪಿದರು. ಅಲ್ಲಿಯೂ ಹೊಲ ಕಡಿಮೆಯಾಗುತ್ತಲೇ ಇದೆ, ರೈತರಿಗೆ ವಯಸ್ಸಾಗುತ್ತಿದೆ. ಆದರೆ ಉಳಿದಷ್ಟು ಉಳಿದದ್ದು ರೈತನನ್ನು ಕೇಳಿ, ಅವನಿಗೆ ಏನು ಸಿಗುತ್ತದೆಂದು ಬರೆದುಕೊಟ್ಟು, ಅವನ ಒಪ್ಪಿಗೆ ಪಡೆದದ್ದರಿಂದ. ನಮ್ಮ 1984ರ ನಕ್ಷೆಯಲ್ಲಿ ಇಲ್ಲದ್ದು ಅದೇ.

ಚನ್ನರಾಯಪಟ್ಟಣ ಹೋಬಳಿ ಹೇಳಿದ್ದು

ಒಪ್ಪಿಗೆಯ ಮಾತು ನಮ್ಮ ಮಣ್ಣಿನಲ್ಲೂ ಬಂತು, ಆದರೆ ಕಾನೂನಿನ ದಾರಿಯಿಂದಲ್ಲ, ಧರಣಿಯ ದಾರಿಯಿಂದ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆ ಜಮೀನನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳಲು ಸರ್ಕಾರ ಹೊರಟಾಗ, ಅಲ್ಲಿನ ರೈತರು 2022ರಲ್ಲಿ ಧರಣಿ ಕುಳಿತರು. ಮೂರು ವರ್ಷಕ್ಕೂ ಮೇಲ್ಪಟ್ಟು ಬಿಸಿಲು ಮಳೆಯೆನ್ನದೆ ಅದು ನಡೆಯಿತು. ಅದರಲ್ಲಿ ಹೆಣ್ಣುಮಕ್ಕಳ ಪಾಲು ದೊಡ್ಡದು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಭೂಸ್ವಾಧೀನ ಕೈಬಿಡುವುದಾಗಿ ಪ್ರಕಟಿಸಿದರು. ಸ್ವಇಚ್ಛೆಯಿಂದ ಕೊಡುವವರು ಕೊಡಬಹುದು ಎಂಬ ಮಾತೂ ಅದರ ಜೊತೆಗಿತ್ತು.

ಆ ಹಳ್ಳಿಗಳಲ್ಲೂ ಎಲ್ಲರ ಅಭಿಪ್ರಾಯ ಒಂದೇ ಆಗಿರಲಿಲ್ಲ, ಕೊಡುತ್ತೇವೆ ಎಂದವರೂ ಇದ್ದರು. ಅದನ್ನು ಮುಚ್ಚಿಡಬೇಕಾಗಿಲ್ಲ. ಗಮನಿಸಬೇಕಾದ್ದು ಇಷ್ಟು: ನಲವತ್ತು ವರ್ಷದಲ್ಲಿ ಮೂರು ಯೋಜನೆಗಳ ಹಸಿರು ಬಣ್ಣ ತಡೆಯಲಾಗದ್ದನ್ನು, 'ಈ ಹೊಲ ನಮಗೆ ಈಗಲೂ ಅನ್ನ ಕೊಡುತ್ತಿದೆ' ಎಂದು ಹೇಳಬಲ್ಲ ರೈತರು ತಡೆದರು. ಅಲ್ಲಿ ದ್ರಾಕ್ಷಿ, ತರಕಾರಿ, ಹೂವು, ರೇಷ್ಮೆ, ಹಾಲು ನಡೆಯುತ್ತಿರುವುದರಿಂದಲೇ ಆ ಮಾತಿಗೆ ತೂಕ ಬಂತು. ಬೀಳು ಬಿಟ್ಟ ಹೊಲದ ಪರವಾಗಿ ಮೂರು ವರ್ಷ ಕೂರುವವರು ಯಾರೂ ಸಿಗುವುದಿಲ್ಲ.

9ನೇ ಕಾಲಂ, 12ನೇ ಕಾಲಂ

ನನ್ನ ಕೆಲಸ ದತ್ತಾಂಶದ್ದಾದ್ದರಿಂದ ಕೊನೆಗೆ ಪಹಣಿಯ ಮಾತು. 2000ದ ಆಸುಪಾಸಿನಲ್ಲಿ ರಾಜ್ಯ ಸರ್ಕಾರದ 'ಭೂಮಿ' ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಪಹಣಿಯ 9ನೇ ಕಾಲಂನಲ್ಲಿ ಒಡೆಯರ ಹೆಸರು ಇರುತ್ತದೆ. 12ನೇ ಕಾಲಂನಲ್ಲಿ ಯಾರು ಸಾಗುವಳಿ ಮಾಡುತ್ತಿದ್ದಾರೆ, ಯಾವ ಬೆಳೆ ಎಂಬುದು ಇರುತ್ತದೆ. ನಾವೆಲ್ಲ ನೋಡುವುದು 9ನೇ ಕಾಲಂ ಮಾತ್ರ. ಅಪ್ಪನ ಹೆಸರು ಹೋಗಿ ನಮ್ಮ ಹೆಸರು ಬಂತೇ, ಪೌತಿ ಖಾತೆ ಆಯಿತೇ ಎಂದು. ಹೊಲ ಉಳಿಯುವುದೋ ಇಲ್ಲವೋ ಎಂಬುದನ್ನು ಹೇಳುವುದು 12ನೆಯದು.

ಈ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಬಹಳ ಜನರ ಹೆಸರು ಈಗ ಜಂಟಿ ಪಹಣಿಯ 9ನೇ ಕಾಲಂನಲ್ಲಿದೆ. ಉಳುತ್ತಿರುವವರು ಊರಲ್ಲಿರುವ ಅಣ್ಣನೋ, ಚಿಕ್ಕಪ್ಪನೋ, ವಾರಕ್ಕೆ ಮಾಡುವ ನೆರೆಯವರೋ. ಅವರಿಗೆ ನಾಲ್ಕು ವರ್ಷ ಮುಂದಕ್ಕೆ ಹೊಲ ಇದೆಯೋ ಇಲ್ಲವೋ ಗೊತ್ತಿಲ್ಲ. ಗೊತ್ತಿಲ್ಲದವರು ಬಾವಿಗೆ, ಡ್ರಿಪ್ಪಿಗೆ, ಮಾವು ತೆಂಗಿಗೆ ಬಂಡವಾಳ ಹಾಕುವುದಿಲ್ಲ. ಹಾಕದಿದ್ದರೆ ಆದಾಯ ಬರುವುದಿಲ್ಲ, ಆದಾಯ ಬಾರದ ಹೊಲ ಕೊನೆಗೆ ಮಾರಾಟಕ್ಕೇ. ಟೋಕಿಯೊದಲ್ಲಿ ಸರ್ಕಾರ ಮತ್ತು ರೈತನ ನಡುವೆ ಆದ ಮೂವತ್ತು ವರ್ಷದ ಮಾತನ್ನು, ನಾವು ನಮ್ಮ ಮನೆಯೊಳಗೇ ಅಣ್ಣತಮ್ಮಂದಿರ ನಡುವೆ ಹತ್ತು ವರ್ಷಕ್ಕಾದರೂ ಆಡಿಕೊಳ್ಳಬಹುದಲ್ಲವೇ? ಇದಕ್ಕೆ ಯಾವ ಕಾನೂನೂ ಬೇಕಾಗಿಲ್ಲ.

ಊರಿನವರಲ್ಲಿ ನನ್ನ ವಿನಂತಿ ಎರಡು. ಕರಡು ಯೋಜನೆ ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು ಅವಧಿ ಇರುತ್ತದೆ. ನಕ್ಷೆಯಲ್ಲಿ ನಮ್ಮ ಸರ್ವೆ ನಂಬರಿಗೆ ಯಾವ ಬಣ್ಣ ಬಂದಿದೆ ಎಂದು ಆಗಲೇ ನೋಡಿ, ಗ್ರಾಮ ಸಭೆಯಲ್ಲಿ ಮಾತಾಡಿ, ಬರವಣಿಗೆಯಲ್ಲಿ ಕೊಡಬೇಕು. ನಕ್ಷೆ ಓದುವುದಕ್ಕೆ ನಮ್ಮ ಬ್ಯಾಚಿನ ನಾಲ್ಕಾರು ಜನ ಭಾನುವಾರ ಬಂದು ಕೂರಲು ಸಿದ್ಧರಿದ್ದೇವೆ. ಎರಡನೆಯದು ಕೆರೆ. ಊರ ಕೊಳಚೆ ಕೆರೆಗೆ ಹೋಗದಂತೆ ಈಗಲೇ ನೋಡಿಕೊಂಡರೆ ಬೆಳ್ಳಂದೂರಿನ ಗತಿ ನಮ್ಮ ಕೆರೆಗೆ ಬಾರದು.

ಗುರುಗಳಲ್ಲಿ ಒಂದು ಬೇಡಿಕೆ. ನಮ್ಮೂರಿನ ಪ್ರತಿ ಹೊಲಕ್ಕೂ ಸರ್ವೆ ನಂಬರಿನ ಜೊತೆ ಒಂದು ಹೆಸರಿದೆ: ಮಾವಿನ ತೋಪಿನ ಹೊಲ, ಕೋಡಿ ಗದ್ದೆ, ಗುಡಿ ಹಿಂದಲ ಹೊಲ. ಇವು ಯಾವ ಪಹಣಿಯಲ್ಲೂ ಇಲ್ಲ, ಹಿರಿಯರ ಬಾಯಲ್ಲಿ ಮಾತ್ರ ಇವೆ. ಎಂಟನೇ ತರಗತಿಯ ಮಕ್ಕಳು ವರ್ಷಕ್ಕೊಮ್ಮೆ ಹೊಲಗಳಿಗೆ ಹೋಗಿ ಹೆಸರು, ನೀರಿನ ಮೂಲ, ಆ ವರ್ಷದ ಬೆಳೆ, ಉಳುತ್ತಿರುವವರು ಯಾರು ಎಂದು ಬರೆದಿಡುವ ಒಂದು ಪುಸ್ತಕ ಶಾಲೆಯಲ್ಲಿ ಇರಲಿ. ಅದನ್ನು ಕಂಪ್ಯೂಟರಿಗೆ ಹಾಕಿ ಕಾಪಾಡುವ ಕೆಲಸ ನನ್ನದು. ನಮ್ಮ ಊರು ಏನನ್ನು ಬೆಳೆಯುತ್ತಿದೆ ಎಂದು ಯಾರಾದರೂ ಕೇಳಿದರೆ ತೋರಿಸಲು ನಮ್ಮ ಕೈಯಲ್ಲಿ ಒಂದು ದಾಖಲೆ ಇರುತ್ತದೆ. ಮುಂದಿನ ಜೂನ್‌ನಲ್ಲಿ ಶಾಲೆ ತೆರೆದ ವಾರವೇ ಇದನ್ನು ಶುರು ಮಾಡಬಹುದು. ಆ ಹೊತ್ತಿಗೆ ರಾಗಿ ಬಿತ್ತನೆಗೆ ಹೊಲ ಹದವಾಗುತ್ತಿರುತ್ತದೆ.